ತುಸು ಎಡಕ್ಕೆ ಬಾಗಿದ ಗೆರೆ

ಆ ಭಾನುವಾರ ಅಂದಪ್ಪ ಮಾಸ್ತರರು ಮಾಡಿದ ತಪ್ಪು ಒಂದೇ. ಮನೆಯೆದುರಿನ ಬೇವಿನ ಮರವನ್ನು ನೋಡುವಾಗ ಒಂದು ಕಣ್ಣು ಮುಚ್ಚಿ, ಕೈ ಉದ್ದಕ್ಕೆ ಚಾಚಿ, ಪೆನ್ಸಿಲ್ಲನ್ನು ನೆಟ್ಟಗೆ ಹಿಡಿದು ಅಳೆದರು. ಚಿತ್ರ ಬರೆಯುವವರೆಲ್ಲ ಮಾಡುವುದೇ ಅದನ್ನು. ಆದರೆ ಕುಳಗೇರಿ ಕ್ರಾಸಿನಲ್ಲಿ ಆ ವಾರ ಯಾರೂ ಒಂದು ಕಣ್ಣು ಮುಚ್ಚಿ ಏನನ್ನೂ ಅಳೆಯಬಾರದಿತ್ತು. ಬಾದಾಮಿ ಕಡೆಗೆ ಹೊಸ ರಸ್ತೆ ಆಗುತ್ತದೆ, ಅಳೆಯುವವರು ಇವತ್ತೋ ನಾಳೆಯೋ ಬರುತ್ತಾರೆ, ಯಾರದೋ ಮನೆ ಹೋಗುತ್ತದೆ ಎಂಬ ಸುದ್ದಿ ಚಹಾದ ಜೊತೆಗೇ ಎಲ್ಲರ ಹೊಟ್ಟೆಗೂ ಇಳಿದಿತ್ತು.

ಮಾಸ್ತರರು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಕಲಿಸುತ್ತಿದ್ದರು. ಊರೂರು ವರ್ಗವಾಗಿ, ಬಾಡಿಗೆ ಕೋಣೆಗಳ ಕತ್ತಲಲ್ಲಿ ಅರ್ಧ ಆಯುಷ್ಯ ಕಳೆದು, ಕಡೆಗೊಮ್ಮೆ ಇಲ್ಲಿ ಸ್ವಂತದ ಮನೆ ಕಟ್ಟಿಸಿದ್ದರು. ಮನೆ ಎಂದರೆ ಎರಡು ಖೋಲಿ. ಆದರೆ ಮುಂದಿನ ಪಡಸಾಲೆ ಅವರ ಜೀವ. ಅಲ್ಲಿ ಕೂತರೆ ಬೇವಿನ ಮರ ಇಡಿಯಾಗಿ ಕಾಣುತ್ತಿತ್ತು. ಒಂದು ರಜಾ, ಒಂದು ಕಪ್ ಚಹಾ, ಒಂದು ಮರ. ಇಷ್ಟೇ ಅವರು ಈ ಲೋಕದಿಂದ ಬೇಡಿದ್ದು. ಕೆಲಸ ಹೊಟ್ಟೆಗೆ, ಕಲೆ ಜೀವಕ್ಕೆ ಎಂದು ಹೆಂಡತಿ ಸಿದ್ದಲಿಂಗವ್ವನಿಗೆ ಆಗಾಗ ಹೇಳುತ್ತಿದ್ದರು. ಆಕೆ, ಜೀವಕ್ಕೆ ಚಹಾನೂ ಬೇಕಲ್ಲ, ಮೊದಲು ಸಕ್ಕರೆ ತನ್ನಿ ಎನ್ನುತ್ತಿದ್ದಳು.

ಮೊದಲು ನೋಡಿದವನು ಎದುರಿನ ಹಿಟ್ಟಿನ ಗಿರಣಿಯ ಕಾಶಪ್ಪ. ಮೈತುಂಬ ಹಿಟ್ಟು ಮೆತ್ತಿಕೊಂಡು ಮರ ದಾಟಿ ಬಂದು, ಮಾಸ್ತರರ ಹೆಗಲ ಮೇಲಿಂದ ಹಾಳೆಯಲ್ಲಿ ಇಣುಕಿದ.

"ಏನ ಮಾಡಾಕತ್ತೀರಿ?"

"ಗಿಡದ ಚಿತ್ರ ಬರ್ಯಾಕತ್ತೇನಿ."

"ಯಾಕ್ರಿ?"

"ಸುಮ್ನ."

ಆ ಒಂದು ಮಾತು ಮಾಸ್ತರರನ್ನು ಕೆಡಿಸಿತು. ಸರ್ಕಾರಿ ಪಗಾರ ತಿನ್ನುವ ಮನುಷ್ಯ ರಜಾದ ದಿನ ಸುಮ್ಮನೆ ಏನನ್ನೂ ಮಾಡುವುದಿಲ್ಲ ಎಂಬುದು ಕಾಶಪ್ಪನಿಗೆ ಗೊತ್ತಿತ್ತು. ಜನಗಣತಿಗೆ ಬಂದವರು ಮಾಸ್ತರರು, ದನಗಣತಿಗೆ ಬಂದವರು ಮಾಸ್ತರರು, ಅದಕ್ಕೂ ಹಿಂದೆ ಮಕ್ಕಳಾಗದ ಆಪರೇಶನ್ನಿಗೆ ಗಂಡಸರನ್ನು ಹುಡುಕಿಕೊಂಡು ಬಂದವರೂ ಮಾಸ್ತರರೇ. ಆಗ ಕಾಶಪ್ಪ ಮೂರು ದಿನ ಜೋಳದ ಹೊಲದಲ್ಲಿ ಮಲಗಿದ್ದ. ಈಗ ರಸ್ತೆಯ ಕೆಲಸವನ್ನೂ ಇವರಿಗೇ ಹಚ್ಚಿದ್ದಾರೆ ಎಂದು ಅವನು ಕ್ಷಣದಲ್ಲಿ ತಿಳಿದುಕೊಂಡ. ಹಾಳೆಯಲ್ಲಿ ಮರದ ಹಿಂದೆ ಒಂದು ಚೌಕ ಇತ್ತು. ಅದು ತನ್ನ ಗಿರಣಿಯೇ ಹೌದೋ ಎಂದು ಕೇಳಿದ. ಮಾಸ್ತರರು ಹೌದೆಂದರು.

"ಅದನ್ನ ತಗೀರಿ," ಎಂದ ಕಾಶಪ್ಪ. "ಮಕ್ಕಳು ಮರಿ ಇದ್ದಾವ ನಾನು."

ಅರ್ಧ ತಾಸಿನಲ್ಲಿ ಪಡಸಾಲೆ ಸಂತೆಯಾಯಿತು. ಚಹಾದಂಗಡಿಯ ಫಕ್ರುಸಾಬ ತಾಟಿನ ತುಂಬ ಮಿರ್ಚಿ ಭಜಿ ತಂದಿಟ್ಟು, ರಸ್ತೆ ತನ್ನ ಅಂಗಡಿಯ ಮುಂದೆ ಹಾಯಬೇಕು, ಬಸ್ಸು ಅಲ್ಲೇ ನಿಲ್ಲಬೇಕು, ಆದರೆ ಅಂಗಡಿಯೊಳಗೆ ಹಾಯಬಾರದು ಎಂದು ವಿನಯದಿಂದ ಕೇಳಿಕೊಂಡ. ಮಾಸ್ತರರು ಇದು ಚಿತ್ರ, ನಕ್ಷೆಯಲ್ಲ ಎಂದು ಆಣೆ ಮಾಡಿದರು. ಆಣೆ ಮಾಡಿದ್ದರಿಂದ ಸಂಶಯ ಗಟ್ಟಿಯಾಯಿತು. ಅಷ್ಟರಲ್ಲಿ ಎಮ್ಮೆ ಸಾಕಿದ ಲಗಮವ್ವ ಬಂದಳು. ಹಾಳೆಯಲ್ಲಿ ತನ್ನ ಸೆಗಣಿ ಕುಳ್ಳಿನ ಬಣವೆಯೂ ಇದೆ ಎಂದು ಕೇಳಿದವಳೇ ಹೋಗಿ ಅದರ ಮುಂದೆ ಕಾಲು ಚಾಚಿ ಕೂತು, ರಸ್ತೆ ಮಾಡುವವರು ತನ್ನ ಮೇಲೇ ಮಾಡಲಿ ಎಂದು ಅಲ್ಲಿಂದಲೇ ಸಾರಿದಳು.

ಮಾಸ್ತರರಿಗೆ ಬೇಕಾಗಿದ್ದದ್ದು ನೆಮ್ಮದಿ. ರಬ್ಬರು ತೆಗೆದುಕೊಂಡು ಗಿರಣಿ ಅಳಿಸಿದರು. ಚಹಾದಂಗಡಿ ಅಳಿಸಿದರು. ಬಣವೆ ಅಳಿಸಿ, ಅದರ ಮುಂದೆ ಆಗಲೇ ಗೀಚಿದ್ದ ಲಗಮವ್ವನನ್ನೂ ಅಳಿಸಿದರು. ಮರದ ಹಿಂದೆ ಈಗ ಬೆಳ್ಳಗೆ ಬಯಲು. ಒಂದು ಭಜಿ ಕಡಿದು, ಇನ್ನಾದರೂ ಬಣ್ಣ ಹಚ್ಚೋಣ ಎಂದುಕೊಂಡರೆ, ಕಾಶಪ್ಪನ ಸಮಾಧಾನ ಇನ್ನೂ ಆಗಿರಲಿಲ್ಲ. ಮರವನ್ನೇ ಕಡಿದರೆ ರಸ್ತೆಗೆ ದಾರಿ ತೆರೆದಂತಾಯಿತು, ಮುಂದೆ ಗಿರಣಿ ಎಷ್ಟು ದೂರ ಎಂದು ಅವನ ಲೆಕ್ಕ. ಮರದ ಬುಡಕ್ಕೆ ಒಂದು ದೇವರನ್ನು ಇಟ್ಟುಬಿಟ್ಟರೆ ಯಾವ ಸರ್ಕಾರವೂ ಕೈ ಹಚ್ಚುವುದಿಲ್ಲ ಎಂದ. ಬಾಯಲ್ಲಿ ಭಜಿ ಇದ್ದುದರಿಂದ ಮಾಸ್ತರರು ವಾದ ಮಾಡದೆ ಬುಡದಲ್ಲಿ ಒಂದು ಕೆಂಪು ಚುಕ್ಕೆ ಇಟ್ಟರು.

ಕಾಶಪ್ಪ ಅದನ್ನು ನೋಡಿ ತೃಪ್ತನಾದ. ಮರುಗಳಿಗೆ ಅವನಿಗೆ ಬೇರೆ ಚಿಂತೆ ಹತ್ತಿತು: ನಾಳೆ ದೊಡ್ಡ ಸಾಹೇಬರು ಬಂದು ನೋಡಿದಾಗ ಹಾಳೆಯಲ್ಲಿ ದೇವರಿದ್ದು ಮರದ ಕೆಳಗೆ ಇಲ್ಲದಿದ್ದರೆ ಮಾಸ್ತರರ ನೌಕರಿಗೇ ಸಂಚಕಾರ. ಗಿರಣಿಯ ಹಿಂದೆ ಒಡೆದು ಬಿದ್ದಿದ್ದ ಬೀಸುವ ಕಲ್ಲಿನ ತುಂಡನ್ನು ಉರುಳಿಸಿಕೊಂಡು ಬಂದು ಬುಡಕ್ಕೆ ಒರಗಿಸಿ, ಸಿಂಧೂರ ಬಳಿದ. ಲಗಮವ್ವ ಎದ್ದು ಬಂದು ಎಣ್ಣೆ ಸುರಿದಳು. ಸಾಕ್ಷಾತ್ ತುಳಸಿಗೇರಿ ಹಣಮಪ್ಪನೇ ಬೆಳಗಿನ ಜಾವ ತನ್ನ ಕನಸಿನಲ್ಲಿ ಬಂದು, ನಿನ್ನ ಎಮ್ಮೆ ಕಟ್ಟುವ ಈ ಬೇವಿನ ನೆರಳು ಚೆನ್ನಾಗಿದೆ ಎಂದಿದ್ದಾಗಿಯೂ ಹೇಳಿದಳು. ಮಧ್ಯಾಹ್ನದ ಹೊತ್ತಿಗೆ ಇಳಕಲ್ಲಿಗೆ ಹೊರಟ ಬಸ್ಸೊಂದು ನಿಂತು, ಡ್ರೈವರು ಇಳಿದು ಕಾಯಿ ಒಡೆದು ಹೋದ. ಲೋಕವನ್ನು ನೋಡಿ ಚಿತ್ರ ಬರೆಯಬೇಕು ಎಂದು ಮಕ್ಕಳಿಗೆ ಕಲಿಸುತ್ತಿದ್ದ ಮಾಸ್ತರರು, ಚಿತ್ರವನ್ನು ನೋಡಿ ಲೋಕ ಬದಲಾದದ್ದನ್ನು ಮೊದಲ ಸಲ ಕಂಡು, ಪ್ರಸಾದದ ಕೊಬ್ಬರಿ ಅಗಿಯುತ್ತ ಕೂತರು.

ಅವರು ಮತ್ತೆ ಕೆಟ್ಟದ್ದು ಎಮ್ಮೆಯಿಂದ. ಖಾಲಿ ಬಯಲು ನೋಡಲಾರದೆ ಮರದ ನೆರಳಿಗೆ ಒಂದು ಎಮ್ಮೆ ಬರೆದರು. ಲಗಮವ್ವ ಬಗ್ಗಿ ನೋಡಿದಳು.

"ಅಯ್ಯ, ಇದು ನಮ್ಮ ಎಮ್ಮಿ. ಮುರದ ಕೋಡು ಸುದ್ದಾ ಬರದಾನ. ರಸ್ತಿ ಅಳಿಯಾವ ಎಮ್ಮಿ ಕೋಡು ಯಾಕ ಬರೀತಾನ?"

ಎಲ್ಲರೂ ಹಾಳೆ ನೋಡಿದರು. ಎಲೆ ಇತ್ತು, ನೆರಳಿತ್ತು, ಎಮ್ಮೆಯ ಬೆನ್ನ ಮೇಲೆ ಕಾಗೆಯಿತ್ತು. ಈ ಮನುಷ್ಯ ಬೆಳಗಿನಿಂದ ನಿಜವಾಗಿಯೂ ಗಿಡವನ್ನೇ ಬರೆಯುತ್ತಿದ್ದಾನೆ ಎಂಬ ಸತ್ಯ ನಿಧಾನಕ್ಕೆ ಎಲ್ಲರ ತಲೆಗೂ ಇಳಿಯಿತು. ಅವರಿಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಮುಂಜಾನೆಯೇ ಹೇಳಬಾರದಿತ್ತೇ ಎಂದು ಕಾಶಪ್ಪ ಕೇಳಿದ. ಹೇಳಿದ್ದೆ ಎಂದರು ಮಾಸ್ತರರು. ಹೇಳುವ ಹಾಗೆ ಹೇಳಲಿಲ್ಲ ಎಂದ ಅವನು. ಫಕ್ರುಸಾಬ ತಾಟು ಎತ್ತಿಕೊಂಡ. ಅದರಲ್ಲಿ ಇನ್ನೂ ಎರಡು ಭಜಿ ಉಳಿದಿದ್ದವು. ವಯಸ್ಸಾದ ಗಂಡಸು ಉಂಡು ಮಲಗುವುದು ಬಿಟ್ಟು ಎಮ್ಮೆ ಬರೆಯುತ್ತಾನೆ, ಪಾಪ ಸಿದ್ದಲಿಂಗವ್ವ ಎಂದು ಮರುಗುತ್ತ ಎಲ್ಲರೂ ಮನೆಗೆ ಹೋಗಿ ಮಲಗಿದರು.

ಬಿಸಿಲು ಇಳಿಯುವ ಹೊತ್ತಿಗೆ ರಸ್ತೆಯ ತುದಿಯಲ್ಲಿ ಒಬ್ಬ ಬಡಕಲು ಮನುಷ್ಯ ಕಾಣಿಸಿಕೊಂಡ. ಮೂರು ಕಾಲಿನ ಮೇಲೆ ಮರದ ಹಲಗೆ ನಿಲ್ಲಿಸಿದ. ಹಲಗೆಯ ಮೇಲೆ ಬಿಳಿ ಹಾಳೆ ಹಾಸಿದ. ಮೇಲೆ ದೊಡ್ಡ ಕೊಡೆ ಬಿಚ್ಚಿ, ಪೆನ್ಸಿಲ್ಲು ಹಿಡಿದು, ಒಂದು ಕಣ್ಣು ಮುಚ್ಚಿ ಬೇವಿನ ಮರವನ್ನು ನೋಡಿದ.

ಅಂದಪ್ಪ ಮಾಸ್ತರರ ಕಣ್ಣು ಒದ್ದೆಯಾದವು. ಇಷ್ಟು ವರ್ಷಗಳಲ್ಲಿ ತಮ್ಮಂಥ ಇನ್ನೊಬ್ಬನನ್ನು ಅವರು ಈ ಸೀಮೆಯಲ್ಲಿ ಕಂಡಿರಲಿಲ್ಲ. ಚಪ್ಪಲಿ ಮೆಟ್ಟದೆ ಓಡಿಹೋಗಿ ಕೈ ಹಿಡಿದುಕೊಂಡರು. ಅವನ ಹೆಸರು ತಿಮ್ಮಣ್ಣ. ಗಿರಣಿಯ ಕಟ್ಟೆಯ ಮೇಲೆ ಮಲಗಿದ್ದ ಕಾಶಪ್ಪ ಅರ್ಧ ಕಣ್ಣು ತೆರೆದು, ಇದೂ ಅಂಥದೇ ಇನ್ನೊಂದು ಎಂದು ಗೊಣಗಿ, ಮಗ್ಗುಲು ಬದಲಿಸಿದ.

"ಮಂದಿ ನಿಮ್ಮನ್ನ ಕೆಲಸಾ ಮಾಡಾಕ ಬಿಡ್ತಾರೇನ್ರಿ?" ಎಂದು ಮಾಸ್ತರರು ಕೇಳಿದರು.

"ಎಲ್ಲಿ ಬಿಡ್ತಾರ್ರಿ. ಹೋದಲ್ಲೆಲ್ಲಾ ಕಲ್ಲ ಒಗೀತಾರ. ನಿಮ್ಮಂಗ ಕೈ ಹಿಡದು ಮಾತಾಡ್ಸಿದವ್ರು ನೀವ ಮೊದಲ," ಎಂದ ತಿಮ್ಮಣ್ಣ. ಅವನ ದನಿಯೂ ಒದ್ದೆಯಾಗಿತ್ತು.

ಮಾಸ್ತರರು ಹಾಳೆ ನೋಡಿದರು. ನಡುವೆ ನೆಟ್ಟಗೆ ಒಂದು ಗೆರೆ ಮರದವರೆಗೆ ಬಂದು ನಿಂತಿತ್ತು. ನೆಟ್ಟಗೇ ಒಯ್ದರೆ ಯಾರ ಮನೆಯೂ ಬರುವುದಿಲ್ಲ, ಮರವೊಂದೇ ಅಡ್ಡ. ಆದರೆ ಬುಡಕ್ಕೆ ದೇವರಿದ್ದಾನೆ, ಈಗೇನು ಮಾಡುವುದು ತಿಳಿಯದಾಗಿದೆ ಎಂದು ತಿಮ್ಮಣ್ಣ ಅಳಲು ತೋಡಿಕೊಂಡ. ಮಾಸ್ತರರೊಳಗಿನ ಕಲೆಗಾರ ಎದ್ದು ಕೂತ. ನೆಟ್ಟಗಿನ ಗೆರೆಗೆ ಜೀವ ಇರುವುದಿಲ್ಲ, ಹಾವು ನೋಡಿ, ಹೊಳೆ ನೋಡಿ, ಜೀವ ಇರುವುದೆಲ್ಲ ಬಾಗುತ್ತದೆ ಎಂದು ಅವನಿಗೆ ತಿಳಿಸಿ ಹೇಳಿದರು.

"ತುಸು ಎಡಕ್ಕ ಬಾಗಸ್ರಿ. ಮರಾ ಉಳೀಲಿ."

"ಎಡಕ್ಕ ಮನಿ ಐತಲ್ರಿ."

ಮಾಸ್ತರರು ಕಣ್ಣು ಕಿರಿದು ಮಾಡಿ ನೋಡಿದರು. ಹಾಳೆಯ ಮೇಲಿನ ಆ ಚೌಕ ಮನೆ ನಿಜವಾಗಿಯೂ ಚಿತ್ರಕ್ಕೆ ಭಾರವಾಗಿತ್ತು. ಅದರಲ್ಲೂ ಆ ಪಡಸಾಲೆ ಮುಂದಕ್ಕೆ ಚಾಚಿಕೊಂಡು ಕಣ್ಣಿಗೆ ಚುಚ್ಚುತ್ತಿತ್ತು.

"ತಗದುಬಿಡ್ರಿ. ಅದು ನಂದ ಮನಿ, ನಾನ ಹೇಳ್ತೇನಿ."

ತಿಮ್ಮಣ್ಣ ಬಹಳ ಹೊತ್ತು ಅವರ ಮುಖ ನೋಡಿದ. ಆಮೇಲೆ ಗೆರೆಯನ್ನು ಎಡಕ್ಕೆ ಚೆಂದವಾಗಿ ಬಾಗಿಸಿ, ಹಾಳೆಯ ಮೂಲೆಯಲ್ಲಿ ಒಂದು ಸಹಿ ಹಾಕುವಂತೆ ಕೈಮುಗಿದು ಕೇಳಿಕೊಂಡ. ಒಬ್ಬ ಕಲೆಗಾರ ಇನ್ನೊಬ್ಬನಿಗೆ ಕೊಡುವ ಇದಕ್ಕಿಂತ ದೊಡ್ಡ ಮರ್ಯಾದೆ ಯಾವುದು? ಮಾಸ್ತರರು ಬಾಲ ಸುತ್ತಿ ಸಹಿ ಮಾಡಿದರು.

ತಿಮ್ಮಣ್ಣ ಸೀಟಿ ಹೊಡೆದ. ದೂರದಲ್ಲಿ ನಿಂತಿದ್ದ ಸರ್ಕಾರಿ ಜೀಪಿನಿಂದ ಇಬ್ಬರು ಆಳುಗಳು ಗೂಟ, ಸುತ್ತಿಗೆ ಹಿಡಿದು ಇಳಿದರು. ಚಿತ್ರ ಬರೆಯುವವರಿಗೆ ಗೂಟ ಏಕೆ ಎಂದು ಮಾಸ್ತರರು ಕೇಳುವಷ್ಟರಲ್ಲಿ ಮೊದಲನೆಯ ಗೂಟ ಪಡಸಾಲೆಯ ಗಾರೆ ಒಡೆದು ನಡುಮಧ್ಯ ಇಳಿದಿತ್ತು. ಮಾಸ್ತರರು ಗೂಟ ನೋಡಿದರು, ತಿಮ್ಮಣ್ಣನ ಹಾಳೆಯಲ್ಲಿ ತಮ್ಮ ಸಹಿ ನೋಡಿದರು.

ಸಪ್ಪಳಕ್ಕೆ ಎಲ್ಲರೂ ಎದ್ದು ಬಂದರು. ನಡೆದದ್ದನ್ನು ತಿಮ್ಮಣ್ಣ ಗದ್ಗದಿತನಾಗಿ ಹೇಳಿದ. ಕಾಶಪ್ಪ ಕಣ್ಣೊರೆಸಿಕೊಂಡಾಗ ಮುಖದ ಹಿಟ್ಟು ಕಣಕವಾಯಿತು.

"ಮುಂಜಾನಿಂದ ನಮ್ಮವನ್ನೆಲ್ಲಾ ಒಂದೊಂದ ತಗದು ಉಳಿಸಿ, ಕಡೀಕ ತನ್ನ ಮನೀನ ಕೊಟ್ಟ. ಮ್ಯಾಲ ನಾ ರಸ್ತಿ ಸಾಹೇಬ ಅಲ್ಲ ಅಂತ ಸುಳ್ಳ ಹೇಳಿದ. ನನಗ ಆವಾಗ ಖರೆ ಗೊತ್ತಿತ್ತು."

ಹಣಮಪ್ಪನ ಕೊರಳಿನ ಹಾರ ಮಾಸ್ತರರ ಕೊರಳಿಗೆ ಬಂತು. ಫಕ್ರುಸಾಬ ಅದೇ ಎರಡು ಭಜಿಯನ್ನು ಮತ್ತೆ ಬಿಸಿ ಮಾಡಿ ತಂದಿಟ್ಟ. ಸಿದ್ದಲಿಂಗವ್ವ ಒಳಗಿನಿಂದ ಸಂಜೆಯ ಚಹಾ ತಂದಳು. ಗಂಡನನ್ನು ನೋಡಿದಳು, ಹಾರ ನೋಡಿದಳು, ಗೂಟ ನೋಡಿದಳು. ಆಮೇಲೆ ಗೂಟದ ಸಪಾಟು ತಲೆಯ ಮೇಲೆ ಕಪ್ಪನ್ನು ಇಟ್ಟಳು.

"ಚಹಾ ಕುಡದು ಇನ್ನೊಂದ ಚಿತ್ರ ಬರೀರಿ. ಈ ಸಲ ನಮ್ಮ ಮನಿ ಬರೀರಿ, ನೋಡಾಕರೆ ಇರ್ಲಿ."

ಮಾಸ್ತರರು ಬೇವಿನ ಮರದ ಕೆಳಗೆ ಹೋಗಿ ಹಣಮಪ್ಪನ ಪಕ್ಕ ಕೂತು, ಒಂದು ಕಣ್ಣು ಮುಚ್ಚಿ ಪೆನ್ಸಿಲ್ಲು ಎತ್ತಿದರು. ಎಲ್ಲರೂ ಸುತ್ತ ನಿಂತಿದ್ದರು. ಈ ಸಲ ಯಾರೂ ಏನನ್ನೂ ತೆಗೆಯಿರಿ ಎನ್ನಲಿಲ್ಲ.