ನನ್ನ ಬ್ಯಾಟರಿ ಸೈಕಲ್ಲು ಮತ್ತು ಹರಿಹರದ ಬಸ್ಸು

ಮೊದಲೇ ಕ್ಷಮೆ ಕೇಳುತ್ತೇನೆ. ನಾನು ಬರೆಯುವವನಲ್ಲ, ಇದೇ ಮೊದಲು. ಓದುವವರು ನಗಬೇಕಾದ ಜಾಗದಲ್ಲಿ ನನಗೆ ಸಿಟ್ಟು ಬರುತ್ತದೆ, ಹೇಳುವುದು ಕೆಟ್ಟುಹೋಗುತ್ತದೆ. ಆದರೆ ದಾವಣಗೆರೆಯಲ್ಲಿ ಬ್ಯಾಟರಿ ಸೈಕಲ್ ಇಟ್ಟುಕೊಂಡವನಿಗೆ ಇಂಥವು ಆಗುತ್ತಲೇ ಇರುತ್ತವೆ, ಹೇಳದೆಯೂ ಇರಲಾಗುವುದಿಲ್ಲ.

ಬ್ಯಾಟರಿ ಸೈಕಲ್ ಅಂದರೆ ಮೋಟರ್ ಇರುವ ಸೈಕಲ್. ವಿದ್ಯಾನಗರದ ಮನೆಯಿಂದ ಬಸ್ ಸ್ಟ್ಯಾಂಡಿಗೆ ಸೈಕಲ್ಲು, ಅಲ್ಲಿಂದ ಹರಿಹರದ ಆಫೀಸಿಗೆ ಬಸ್ಸು. ಹೆಂಡತಿ ಒಂದು ಷರತ್ತು ಹಾಕಿದ್ದಳು: "ಒಂದು ದಿನ ಲೇಟಾದ್ರೂ ಸೈಕಲ್ ನಮ್ಮ ತವರು ಹದಡಿಗೆ ಹೋಗ್ತೈತೆ, ನನ್ನ ತಮ್ಮಗೆ. ಅವನು ದಿನಾ ಬೈಕಲ್ಲಿ ಹರಿಹರಕ್ಕೆ ಹೋಗ್ತಾನಲ್ಲ, ಹಿಂದೆ ಕೂತ್ಕೊಂಡು ಹೋಗ್ರಿ." ಅವಳ ತಮ್ಮ ಬೈಕ್ ಓಡಿಸುತ್ತಾ ಹಿಂದಕ್ಕೆ ತಿರುಗಿ ಮಾತಾಡುತ್ತಾನೆ. ನನ್ನ ಭಯ ಅರ್ಥವಾಗಲಿ ಎಂದು ಇದನ್ನು ಹೇಳಿದೆ.

ಒಂದು: ಪಕ್ಕದ ಮನೆಯವರು

ಮೊದಲ ದಿನವೇ ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಗೇಟಿನಲ್ಲಿ ಹಿಡಿದರು.

"ಚಾರ್ಜ್ ಖಾಲಿ ಆದ್ರೆ?"

"ಪೆಡಲ್ ತುಳೀಬೌದು ಸರ್."

"ಚಾರ್ಜ್ ಇದ್ರೆ?"

"ಆಗಲೂ ತುಳೀಬೌದು. ಜಾಸ್ತಿ ದೂರ ಹೋಗ್ತೈತೆ."

ಮೋಟರ್ ಎಲ್ಲಿದೆ, ಏರಿನಲ್ಲಿ ಹೆಂಗೆ ಎಳೆಯುತ್ತದೆ, ಎಲ್ಲ ಬಗ್ಗಿ ತೋರಿಸಿದೆ. ಬೆವರು ಬಂತು. ಮೇಷ್ಟ್ರು ಪೂರ್ತಿ ಕೇಳಿ, ತಮ್ಮ ಮನೆಯೊಳಗಿದ್ದ ಹೆಂಡತಿಗೆ ಕೂಗಿ ಹೇಳಿದರು: "ಏನಿಲ್ಲ ಬಿಡೇ, ಸೈಕಲ್ಲೇ ಅದು!"

ಎರಡು: ಕಂಡಕ್ಟರು

ಸೈಕಲ್ಲನ್ನೂ ಬಸ್ಸಿಗೆ ಹಾಕಿದರೆ ಹರಿಹರದಲ್ಲಿ ನಡೆಯುವುದು ತಪ್ಪುತ್ತದೆ ಅನ್ನಿಸಿತು. ಕಂಡಕ್ಟರು ಬಾಗಿಲಿಗೆ ಅಡ್ಡ ನಿಂತರು. "ಗಾಡಿ ಹತ್ತಿಸಂಗಿಲ್ಲ."

ಅಷ್ಟರಲ್ಲೇ, ನನ್ನ ಕಣ್ಣೆದುರೇ, ಇಬ್ಬರು ಒಂದು ಹೊಲಿಗೆ ಮಿಷಿನ್ ಹತ್ತಿಸಿದರು. ಸಣ್ಣದಲ್ಲ, ಸ್ಟ್ಯಾಂಡ್ ಸಮೇತ! ನನಗೆ ತಲೆ ಕೆಟ್ಟಿತು. "ಅದಕ್ಕೂ ಪೆಡಲ್ ಐತಲ್ರಿ!"

"ಐತೆ. ಎಷ್ಟು ತುಳಿದ್ರೂ ಅದು ಹರಿಹರ ಮುಟ್ಟಲ್ಲ. ನಿಮ್ದು ಮುಟ್ಟುತ್ತಲ್ಲ, ತುಳ್ಕೊಂಡು ಬರ್ರಿ." ರೈಟ್ ಅಂದುಬಿಟ್ಟರು.

ಮೂರು: ಬ್ಯಾಟರಿ

ಅಂದಿನಿಂದ ಸೈಕಲ್ಲನ್ನು ಸ್ಟ್ಯಾಂಡಿನಲ್ಲೇ ಬಿಟ್ಟು, ಯಾರೂ ಕದಿಯದಿರಲಿ ಎಂದು ಬ್ಯಾಟರಿ ಮಾತ್ರ ಬಿಚ್ಚಿ ಬ್ಯಾಗಿನಲ್ಲಿ ಒಯ್ಯುತ್ತಿದ್ದೆ. ಸೀಟು ಒಂದು ದಿನವೂ ಸಿಗಲಿಲ್ಲ. ಯಾಕೆಂದರೆ ನಮ್ಮಲ್ಲಿ ಕಿಟಕಿಯಿಂದ ಟವೆಲ್ ಹಾಕಿದವರದೇ ಸೀಟು. ಒಂದು ದಿನ ನಾನೂ ಸೀಟು ಹಿಡಿಯಲು ಹೋದೆ, ಆದರೆ ಹತ್ತಿರ ಟವೆಲ್ ಇರಲಿಲ್ಲ. ಬ್ಯಾಟರಿ ಬ್ಯಾಗನ್ನೇ ಕಿಟಕಿಯಿಂದ ಸೀಟಿಗಿಟ್ಟು, ಸೈಕಲ್ಲಿಗೆ ಬೀಗ ಹಾಕಲು ಓಡಿದೆ. ಬೀಗ ಕಚ್ಚಿಕೊಂಡಿತು. ತಿರುಗಿ ನೋಡಿದರೆ ಬಸ್ಸಿಲ್ಲ!

ಮುಂದಿನ ಬಸ್ಸಿನಲ್ಲಿ, ಬೈದುಕೊಳ್ಳುತ್ತಾ, ನಿಂತುಕೊಂಡೇ ಹರಿಹರಕ್ಕೆ ಬಂದೆ. ಆಫೀಸಿನಲ್ಲಿ ನಮ್ಮ ಸಾಹೇಬರ ಮೇಜಿನ ಮೇಲೆ ನನ್ನ ಬ್ಯಾಗಿತ್ತು. ಅವರ ಸ್ಕೂಟರ್ ಪಂಕ್ಚರ್ ಆಗಿ, ಅವರೂ ಅದೇ ಬಸ್ಸಿಗೆ ಹತ್ತಿದ್ದರಂತೆ.

"ದಾರಿ ಉದ್ದಕ್ಕೂ ಈ ಬ್ಯಾಗಿನ ಪಕ್ಕ ನಿಂತ್ಕೊಂಡು ಬಂದೀನಿ," ಎಂದರು. "ಕೂರಾಕೆ ಹೋದ್ರೆ ಒಬ್ಬ ಅಜ್ಜಿ, 'ಅವ್ರು ಸೀಟು ಹಿಡಿದಾರ, ಬರ್ತಾರ, ನಿಂದ್ರಪ್ಪ' ಅಂತ ಗದರ್ಸಿದ್ಲು. ಇಳಿಯೋವಾಗ ನೋಡಿದ್ರೆ ಒಳಗೆ ನಿಮ್ಮ ಐಡಿ ಕಾರ್ಡು."

ನಾನು ಬೀಗದ ವಿಷಯ ವಿವರಿಸಲು ಬಾಯಿ ತೆರೆದೆ. ಸಾಹೇಬರು ಗಡಿಯಾರ ತೋರಿಸಿದರು.

"ನಿಮ್ಮ ಬ್ಯಾಟರಿ ಟೈಮಿಗೆ ಸರಿಯಾಗಿ ಬಂದೈತೆ. ಕೂತ್ಕೊಂಡೇ ಬಂದೈತೆ. ನೀವ್ಯಾಕ್ರಿ ಲೇಟು?"

ಸೈಕಲ್ ಈಗ ಹದಡಿಯಲ್ಲಿ ಮೇವು ಹೊರುತ್ತಿದೆ. ಆದರೆ ಓದುಗರು ಗಮನಿಸಬೇಕು, ತಪ್ಪು ಸೈಕಲ್ಲಿನದಲ್ಲ. ಹೆಂಡತಿಗೂ ಇದನ್ನೇ ಹೇಳಿದೆ. ಒಂದನೆಯದಾಗಿ, ಬಸ್ಸು ಟೈಮಿಗಿಂತ ಮೊದಲೇ ಬಿಟ್ಟಿತು. ಎರಡನೆಯದಾಗಿ, ಟವೆಲ್ ಹಾಕುವುದಕ್ಕೂ ಬ್ಯಾಟರಿ ಇಡುವುದಕ್ಕೂ ಇರುವ ವ್ಯತ್ಯಾಸ ಏನೆಂದರೆ, ಟವೆಲ್ ಆದರೆ...

ಗೇಟಿನ ಹೊರಗೆ ಬೈಕಿನ ಹಾರನ್ ಸದ್ದು. ಹೆಂಡತಿಯ ತಮ್ಮ.

"ಭಾವಾ, ಬರ್ರಿ! ಬಿಗಿಯಾಗಿ ಹಿಡ್ಕೊಂಡು ಕೂಡ್ರಿ, ಇವತ್ತು ಮಾತಾಡೋದು ಭಾಳ ಐತೆ!"