ಮಿತಿ ಮೀರದ ವ್ಯಾನು

ಅದೇ ರಸ್ತೆ, ಅದೇ ವ್ಯಾನು. ಆದರೂ ಫೋಟೋಗ್ರಾಫರನಿಗೆ ಒಂದೇ ತಿಂಗಳಲ್ಲಿ ಅತಿವೇಗದ ಎರಡು ನೋಟಿಸು ಬಂದಿದ್ದವು. ಸೇತುವೆಯ ಈಚೆ ಎಂಬತ್ತಿದ್ದ ಮಿತಿ ಆಚೆಯ ಪ್ರಾಂತ್ಯಕ್ಕೆ ಕಾಲಿಟ್ಟೊಡನೆ ಅರವತ್ತಾಗುತ್ತದೆಂದು ಅವನಿಗೇನು ಕನಸು ಬಿದ್ದಿತ್ತೇ? ಮೂರನೆಯದು ಬಂದರೆ ಲೈಸೆನ್ಸು ಆರು ತಿಂಗಳು ಅಮಾನತು.

ಆದರೆ ಇವತ್ತು ಹೋಗಲೇಬೇಕು. ಸೇತುವೆಯಾಚೆಯ ಫ್ಯಾಕ್ಟರಿಯಲ್ಲಿ ಹನ್ನೊಂದೂವರೆಗೆ ಇನ್ನೂರು ಕೆಲಸಗಾರರ ಗ್ರೂಪ್ ಫೋಟೋ. ಹನ್ನೆರಡಕ್ಕೆ ಸೈರನ್ ಕೂಗಿದರೆ ಸಾಲು ಚೆದುರುತ್ತದೆ, ಹತ್ತು ವರ್ಷದಿಂದ ಕೈಯಲ್ಲಿದ್ದ ಕೆಲಸ ಬೇರೆಯವರ ಪಾಲಾಗುತ್ತದೆ.

ಫ್ಯಾಕ್ಟರಿಯ ಪಕ್ಕದಲ್ಲೇ ಕಿರಿಮಗಳ ಮನೆಯೆಂದು ಅತ್ತೆ ಮುಂದಿನ ಸೀಟಿನಲ್ಲಿ ಕೂತರು. ನೋಟಿಸಿನ ಸುದ್ದಿ ಕೇಳಿ ಕನಿಕರಗೊಂಡ ನೆರೆಮನೆಯ ನಿವೃತ್ತ ಗುಮಾಸ್ತರು ಹಿಂದೆ ಹತ್ತಿದರು. ಮೂವತ್ತು ವರ್ಷ ಸಾರಿಗೆ ಕಚೇರಿಯಲ್ಲಿದ್ದ ಅವರಿಗೆ ವೇಗದ ಮಿತಿಗಳು ಮಗ್ಗಿಯಂತೆ ಬಾಯಿಪಾಠ. ಪೇಟೆಬೀದಿ ಮೂವತ್ತು, ಶಾಲೆಯ ಮುಂದೆ ಇಪ್ಪತ್ತೈದು, ಹಳ್ಳಿರಸ್ತೆ ಐವತ್ತು.

ಹೆದ್ದಾರಿಗೆ ಬಂದಾಗ ಅವನು ಉಸಿರುಬಿಟ್ಟು ಎಂಬತ್ತಕ್ಕೆ ಏರಿಸಹೊರಟ.

"ಎಂಬತ್ತು ಕಾರಿಗೆ. ನಿಮ್ದು ವ್ಯಾನು, ಎಪ್ಪತ್ತು," ಎಂದರು ಗುಮಾಸ್ತರು.

ಅತ್ತೆ ಕನ್ನಡಕ ಏರಿಸಿ, ಒಲೆಯ ಮೇಲಿನ ಹಾಲು ಕಾಯುವವರಂತೆ ಮೀಟರಿನ ಮುಳ್ಳನ್ನೇ ಕಾದರು. "ಅಳಿಯಂದ್ರೇ, ಎಪ್ಪತ್ತೊಂದಾಯ್ತು ನೋಡಿ."

ಸೇತುವೆ ದಾಟಿದೊಡನೆ 'ಕಾಮಗಾರಿ ನಡೆಯುತ್ತಿದೆ, ಇಪ್ಪತ್ತು' ಎಂಬ ಹಲಗೆ. ಕಾಮಗಾರಿಯ ಸುಳಿವೇ ಇಲ್ಲ; ಒಂದು ಮೇಕೆ ಹಲಗೆಯ ಕಂಬಕ್ಕೆ ಬೆನ್ನುಜ್ಜುತ್ತಿತ್ತು.

"ಕೆಲ್ಸ ಮುಗ್ದಿದೆ ಸಾರ್."

"ಬೋರ್ಡ್ ಇದೆಯಲ್ಲ. ಇನ್ನೊಂದು ಬೋರ್ಡ್ ಬರೋವರೆಗೂ ಇದೇ ಲೆಕ್ಕ."

ಇನ್ನೊಂದು ಹಲಗೆ ಒಂಬತ್ತು ಕಿಲೋಮೀಟರು ಬರಲಿಲ್ಲ. ಟ್ರ್ಯಾಕ್ಟರು ಮುಂದೆ ಹೋಯಿತು. ಸೈಕಲ್ಲಿನಲ್ಲಿ ಬಂದ ಹೆಂಗಸೊಬ್ಬಳು ಕಿಟಕಿಯೊಳಗೆ ಬಗ್ಗಿ, ಗಾಡಿ ಕೆಟ್ಟಿದೆಯೇ, ಮೆಕ್ಯಾನಿಕ್ಕನ್ನು ಕಳಿಸಲೇ ಎಂದು ವಿಚಾರಿಸಿ, ಅವಳೂ ಮುಂದೆ ಹೋದಳು.

ಟೋಲ್‌ಗೇಟು ಬಂದಾಗ ಹನ್ನೊಂದೂಕಾಲು. ಇನ್ನು ಹತ್ತೇ ನಿಮಿಷದ ದಾರಿ ಎನ್ನುವಾಗ ಪೊಲೀಸರು ಕೈ ಅಡ್ಡ ಹಿಡಿದರು. ಮೂರನೆಯದೂ ಬಂತೆಂದು ಫೋಟೋಗ್ರಾಫರ್ ಬ್ರೇಕ್ ಒತ್ತಿದ.

ಇನ್ಸ್‌ಪೆಕ್ಟರು ಬಂದದ್ದು ಹೂಗುಚ್ಛ ಹಿಡಿದು. ರಸ್ತೆ ಸುರಕ್ಷತಾ ಸಪ್ತಾಹವಂತೆ. ಬೆಳಗಿನಿಂದ ಕ್ಯಾಮೆರಾದಲ್ಲಿ ನೋಡುತ್ತಿದ್ದರೂ ಆ ಇಪ್ಪತ್ತರ ಹಲಗೆಗೆ ಮರ್ಯಾದೆ ಕೊಟ್ಟ ಗಾಡಿ ಇದೊಂದೇ ಅಂತೆ. "ಸಾಹೇಬ್ರು ಬಂದು ಪ್ರಶಸ್ತಿ ಕೊಡ್ತಾರೆ ಸಾರ್. ಐದೇ ನಿಮಿಷ," ಎಂದವರು, ಪ್ರಶಸ್ತಿಪತ್ರದಲ್ಲಿ ಹೆಸರು ಬರೆಸಲು ಅವನ ಲೈಸೆನ್ಸು ತೆಗೆದುಕೊಂಡು ಹೋದರು.

ಲೈಸೆನ್ಸಿಲ್ಲದೆ ಗಾಡಿ ಮುಟ್ಟಕೂಡದೆಂದು ಗುಮಾಸ್ತರು ಎಚ್ಚರಿಸಿದರು. ಅತ್ತೆ ಚಹಾ ಕುಡಿಯುತ್ತ, ಅಳಿಯ ಮದುವೆಯ ದಿನವೂ ಹೀಗೇ ನಿಧಾನವಾಗಿ ಬಂದದ್ದನ್ನು ಕಾನ್‌ಸ್ಟೇಬಲ್ಲುಗಳಿಗೆ ವರ್ಣಿಸಿದರು. ಪೊಲೀಸರ ಬಾಯಲ್ಲಿ ಮೊದಲ ಸಲ 'ಸಾರ್' ಅನ್ನಿಸಿಕೊಂಡ ಫೋಟೋಗ್ರಾಫರನಿಗೂ, ಗಡಿಯಾರ ನೋಡುತ್ತಲೇ ಇದ್ದರೂ, ಒಳಗೊಳಗೇ ಖುಷಿಯಾಗದಿರಲಿಲ್ಲ.

ಸಾಹೇಬರು ಬಂದಾಗ ಹನ್ನೆರಡಕ್ಕೆ ಹತ್ತು ನಿಮಿಷ. ಹೂಗುಚ್ಛ ಎತ್ತಿ, ನಗು ತಂದುಕೊಂಡು, ಸುತ್ತ ನೋಡಿದರು. "ನಮ್ಮ ಫೋಟೋದವನೆಲ್ಲಿ?"

ಇನ್ಸ್‌ಪೆಕ್ಟರು ತಲೆ ಕೆರೆದುಕೊಂಡರು. "ಈಗ ತಾನೇ ಹೋದ ಸಾರ್. ಅಲ್ಲೊಂದು ಫ್ಯಾಕ್ಟರಿಗೆ ಅವರ ಫೋಟೋಗ್ರಾಫರ್ ಬರ್ಲೇ ಇಲ್ವಂತೆ. ಇನ್ನು ಮೇಲೆ ಪ್ರತಿ ವರ್ಷ ನೀನೇ ಬಾ ಅಂತ ಅರ್ಜೆಂಟಾಗಿ ಕರೆಸ್ಕೊಂಡ್ರು."

ಫೋಟೋಗ್ರಾಫರ್ ವ್ಯಾನಿನಿಂದ ಸ್ಟ್ಯಾಂಡು ಇಳಿಸಿ, ತನ್ನದೇ ಕ್ಯಾಮೆರಾ ನಿಲ್ಲಿಸಿ, ಟೈಮರ್ ಒತ್ತಿ, ಸಾಹೇಬರ ಪಕ್ಕಕ್ಕೆ ಓಡಿದ.

ಫೋಟೋ ಚೆನ್ನಾಗಿಯೇ ಬಂತು. ಸಾಹೇಬರು, ಅತ್ತೆ, ಗುಮಾಸ್ತರು ಸ್ಪಷ್ಟವಾಗಿ ಮೂಡಿದ್ದಾರೆ. ಶಿಸ್ತಿನ ಚಾಲಕ ಮಾತ್ರ ವೇಗ ಹೆಚ್ಚಾಗಿ ಮಸುಕಾಗಿದ್ದಾನೆ.