ಲಾಭ, ಎರಡು, ಮೂರು

‘ಬಹುಶಃ ನಾನು ಕೊಲಂಬೋಕ್ಕ ಹೋಗಬೇಕಾಗ್ತದ’ ಎಂದು ಶ್ರೀಪತಿ ಮೇಷ್ಟ್ರು ಹೇಳಿದ್ದು ಊಟಕ್ಕೆ ಬಡಿಸುತ್ತಿದ್ದ ಹೆಂಡತಿ ಪ್ರಿಯಂವದೆಗೆ ಮಾತ್ರ. ಆ ‘ಬಹುಶಃ’ ಅಡುಗೆಮನೆಯ ಹೊಸ್ತಿಲನ್ನೂ ದಾಟಲಿಲ್ಲ. ಉಳಿದ ಮಾತು ಮಾತ್ರ ಹೊಸಪೇಟೆಯ ಆ ಓಣಿಯನ್ನೆಲ್ಲ ಸುತ್ತಾಡಿ, ಬೆಳಿಗ್ಗೆ ಪಕ್ಕದ ಮನೆಯ ಸರಸ್ವತೀಬಾಯಿಯ ರೂಪದಲ್ಲಿ ಅವರ ಗೇಟಿನ ಮುಂದೆ ಬಂದು ನಿಂತಿತ್ತು.

“ಶ್ರೀಪತೀ, ವಿಮಾನದಾಗ ಹೊಂಟೀಯಂತ? ಯಾತಕ್ಕೋ?”

“ಇನ್ನೂ ಪಕ್ಕಾ ಆಗಿಲ್ಲ ಕಾಕೂ. ನಾಕು ವರ್ಷದ ಮಕ್ಕಳು ಎಷ್ಟು ಬೆಳದಾರ ಅಂತ ಅಳೀಲಿಕ್ಕೆ ಆರು ದೇಶದವರು ಕೂಡಿ ಒಂದು ಪರೀಕ್ಷಾ ಮಾಡ್ಯಾರ. ಎಲ್ಲಾ ದೇಶಕ್ಕೂ ಒಂದೇ ಅಳತಿ.”

“ಅಳೀಲಿಕ್ಕೆ ಕೊಲಂಬೋ ಯಾಕ ಬೇಕು? ನಮ್ಮ ದರ್ಜಿ ನಿಂತ ಕಾಲ ಮ್ಯಾಲೆ ಅಳೀತಾನ.”

“ಎತ್ತರ ಅಲ್ಲ ಕಾಕೂ. ಬುದ್ಧಿ, ಮಾತು, ನಡವಳಿಕಿ.”

“ಏನರ ಅಳಕೊ. ಬರೂಮುಂದ ನನಗ ಲವಂಗ, ದಾಲ್ಚಿನ್ನಿ ಮರೀಬ್ಯಾಡ. ಅಲ್ಲಿ ಭಾಳ ಛಲೋ ಸಿಗ್ತಾವಂತ.”

ಶ್ರೀಪತಿಗೆ ಲವಂಗದ ಚಿಂತೆಯಿರಲಿಲ್ಲ, ವಿಮಾನದ ಚಿಂತೆಯಿತ್ತು. ಅದಿರು ಅಗೆದವರೆಲ್ಲ ದಿಢೀರನೆ ದೊಡ್ಡವರಾಗಿ, ಸಂಡೂರಿನ ಗುಡ್ಡಗಳ ಮೇಲೆ ಹೆಲಿಕಾಪ್ಟರುಗಳು ಹಾರಾಡುತ್ತಿದ್ದ ಕಾಲ ಅದು. ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡುತ್ತ, ಆ ಸದ್ದು ಕೇಳಿದಾಗಲೆಲ್ಲ ಮಕ್ಕಳಿಗಿಂತ ಮೊದಲು ಕಿಟಕಿಗೆ ಓಡುತ್ತಿದ್ದವರು ಮೇಷ್ಟ್ರೇ. ಒಂದೇ ಒಂದು ಸಲ ಮೇಲಿಂದ ಕೆಳಗೆ ನೋಡಬೇಕು ಎಂಬುದು ಅವರ ಬದುಕಿನ ದೊಡ್ಡ ಆಸೆ. ಆ ಆಸೆಗೆ ಈಗ ರೆಕ್ಕೆ ಬಂದದ್ದು ಪರೀಕ್ಷೆಯ ತಂಡಕ್ಕೆ ದುಭಾಷಿಯಾಗಿ ಅವರನ್ನು ಆರಿಸಿದ್ದರಿಂದ. ತಂಡದ ಹಿರಿಯರಾದ ಕೊಲಂಬೋದ ಪೆರೇರಾ ಮೊದಲ ದಿನವೇ ಇಂಗ್ಲಿಷಿನಲ್ಲಿ ಹೇಳಿದ್ದರು: “ಪ್ರಶ್ನೆಗಳು ಇಲ್ಲಿ ಚೆನ್ನಾಗಿ ನಡೆದರೆ, ನಡೆಸಿಕೊಟ್ಟವರನ್ನೇ ಕೊಲಂಬೋ ಸಭೆಗೆ ಕರೆಯುತ್ತೇವೆ.”

ಚೆನ್ನಾಗಿ ನಡೆಯಬೇಕು, ಅಷ್ಟೇ. ಅದಿರಿನ ಲಾರಿಗಳ ಹಿಂದೆ ತೆವಳಿ, ಕೆಂಪು ಧೂಳು ಕುಡಿದು, ಜೀಪು ಕಂಪ್ಲಿಯ ರೈಸ್‌ಮಿಲ್ಲಿನ ಪಕ್ಕದ ಅಂಗನವಾಡಿ ತಲುಪುವವರೆಗೂ ಮೇಷ್ಟ್ರು ಇದೊಂದನ್ನೇ ಜಪಿಸಿದರು. ಜೊತೆಗೆ ಪೆರೇರಾ ಇದ್ದರು, ಲಾಹೋರಿನಿಂದ ಬಂದ ಫರ್ಹತ್ ಎಂಬ ಹೆಣ್ಣುಮಗಳಿದ್ದರು. ಬಾಗಿಲ ತುಂಬ ಮಿಲ್ಲಿನ ಹಮಾಲರು ಕುಕ್ಕರಗಾಲಲ್ಲಿ ಕೂತಿದ್ದರು. ಎಲ್ಲರಿಗೂ ಮುಂದೆ ಜಂಬವ್ವ, ಮೊಮ್ಮಗಳು ಸ್ನೇಹಾಳ ಪರೀಕ್ಷೆ ತನ್ನದೇ ಎಂಬಂತೆ ಸೆರಗು ಬಿಗಿದು ಕೂತಿದ್ದಳು.

ಶ್ರೀಪತಿ ಹತ್ತು ಹುಣಸೆಬೀಜ ಸಾಲಾಗಿಟ್ಟರು. “ಎಣಿಸು ನೋಡಮ್ಮಾ.”

ಸ್ನೇಹಾ ಬೆರಳಿಟ್ಟು ಶುರುಮಾಡಿದಳು. “ಲಾಭ, ಎರಡು, ಮೂರು, ನಾಕು, ಐದು, ಆರು, ಮ್ಯಾಲೊಂದು, ಎಂಟು, ಒಂಬತ್ತು, ಹತ್ತು!”

ಪೆರೇರಾ ಕುತೂಹಲದಿಂದ ಮುಂದೆ ಬಾಗಿದರು. “ಮೊದಲನೆಯ ಪದ ಏನು?”

ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. “ಲಾಭ... ಅಂದರೆ, ವ್ಯಾಪಾರದಲ್ಲಿ ಉಳಿಯುವುದು.”

“ನಿಮ್ಮಲ್ಲಿ ಅಂಕಿಗಳು ಅಲ್ಲಿಂದಲೇ ಶುರುವಾಗುತ್ತವೆಯೇ?”

ಇಂಗ್ಲಿಷ್ ಬಾರದಿದ್ದರೂ ಏನೋ ಎಡವಟ್ಟಾಗಿದೆ ಎಂದು ಜಂಬವ್ವನಿಗೆ ತಿಳಿಯಿತು. “ಯಾಕ್ರಿ ಸಾರ್, ಏನ್ ತಪ್ಪು ಹೇಳ್ಯಾಳ? ಅವ್ರ ತಾತ ಎರ್ರಿಯಪ್ಪ ಭತ್ತ ಅಳಿಯೋದು ಹಿಂಗ. ಮೊದಲ್ನೇ ಸೇರಿಗೆ ಲಾಭ ಅನ್ನಬೇಕು, ಒಂದು ಅನ್ನಬಾರ್ದು. ಇನ್ನ ಏಳು ಅಂದ್ರ ಮುಗೀತು, ರಾಶಿ ಮ್ಯಾಲೆ ಕುಂತ ಲಕ್ಷ್ಮಿ ಎದ್ದು ಹೋಗ್ತಾಳ!”

ಮೇಷ್ಟ್ರು ಇದನ್ನು ಹೇಗೋ ಇಂಗ್ಲಿಷಿಗೆ ದಾಟಿಸಿದರು. ಫರ್ಹತ್ ಕಣ್ಣರಳಿಸಿ, “ನಮ್ಮ ಅಜ್ಜನೂ ಗೋಧಿ ಅಳೆಯುವಾಗ ಒಂದು ಅನ್ನುತ್ತಿರಲಿಲ್ಲ, ಬರ್ಕತ್, ಅಂದರೆ ಸಮೃದ್ಧಿ, ಅನ್ನುತ್ತಿದ್ದರು!” ಎಂದರು. ಆದರೆ ಅದು ಶ್ರೀಪತಿಯ ಕಿವಿಗೆ ಬೀಳಲಿಲ್ಲ. ಪರೀಕ್ಷೆ ಕೆಡುತ್ತಿದೆ ಎಂಬುದೊಂದೇ ಅವರ ತಲೆಯಲ್ಲಿತ್ತು. ಇವರ ಗಮನ ಬೇರೆಡೆ ತಿರುಗಿಸಲೇಬೇಕು.

“ಸಾರ್, ಇಲ್ಲಿಯ ತುಂಗಭದ್ರೆಯನ್ನು ನೀವು ಸಂಜೆ ನೋಡಬೇಕು,” ಎಂದು ಶುರುಮಾಡಿದರು. “ಬಂಡೆಗಳ ನಡುವೆ ಹರಿಗೋಲಿನಲ್ಲಿ ಕೂತರೆ ಏಳುವ ಮನಸ್ಸೇ ಬರುವುದಿಲ್ಲ.”

ಪೆರೇರಾ ತಲೆಯಾಡಿಸಿದರು. ಮೇಷ್ಟ್ರು ಧೈರ್ಯ ತಂದುಕೊಂಡು ಮಗುವಿನ ಕಡೆ ತಿರುಗಿದರು. “ಈಗ ನನ್ನ ಕೈಯಾಗ ಬೀಜ ಕೊಡು ನೋಡೋಣ. ಏಳು!”

ಸ್ನೇಹಾ ಎದ್ದು ನಿಂತಳು.

“ಏಳಬ್ಯಾಡ ತಾಯಿ, ಕುಂದ್ರು. ಏಳು ಕೊಡು, ಏಳು!”

ಕೂತವಳು ಮತ್ತೆ ಎದ್ದಳು. ಸಿಟ್ಟು ತಡೆಯದ ಶ್ರೀಪತಿ, ತರಗತಿಯಲ್ಲಿ ಕೂಗುವ ದನಿಯಲ್ಲಿ “ಏಳು ಅಂದ್ರ ಏಳು!” ಎಂದರು. ಬಾಗಿಲಲ್ಲಿದ್ದ ಹಮಾಲರೆಲ್ಲ, ತಮ್ಮನ್ನು ಎಬ್ಬಿಸುತ್ತಿದ್ದಾರೆಂದುಕೊಂಡು, ಟವೆಲ್ ಕೊಡವಿ ಎದ್ದು ನಿಂತರು. ಅವರನ್ನು ಕೂರಿಸಲು ಅಂಗನವಾಡಿ ಟೀಚರ್ ಪಕೀರಮ್ಮನೇ ಬರಬೇಕಾಯಿತು.

“ಸಾರ್, ಹಂಪಿಯ ಬಾಳೆಹಣ್ಣು ತಿಂದಿದ್ದೀರಾ?” ಎಂದರು ಮೇಷ್ಟ್ರು ಬೆವರೊರೆಸಿಕೊಳ್ಳುತ್ತ. “ಕಡ್ಡಿರಾಂಪುರದಲ್ಲಿ ನೀವು ಇಳಿದುಕೊಂಡಿದ್ದೀರಲ್ಲ, ಅಲ್ಲಿಯ ತಂಗಾಳಿ, ಬಿಸಿ ರೊಟ್ಟಿ, ಎಣ್ಣೆಗಾಯಿ... ಜಗತ್ತಿನಲ್ಲಿ ಇನ್ನೆಲ್ಲೂ ಇಲ್ಲ.”

ಕೊನೆಯ ಪ್ರಶ್ನೆ ನಡವಳಿಕೆಯದು. ಹೊರಡುವಾಗ ಮಗು ಏನು ಹೇಳುತ್ತದೆ ಎಂದು ನೋಡಬೇಕು. ಇದರಲ್ಲಿ ತಪ್ಪಾಗಲು ಸಾಧ್ಯವೇ ಇಲ್ಲ ಎಂದು ಶ್ರೀಪತಿಗೆ ನಿರಾಳವಾಯಿತು. “ಆಯ್ತಮ್ಮಾ, ಈಗ ನೀ ಮನಿಗೆ ಹೋಗಬೇಕು. ಏನಂತೀ ನಮಗೆಲ್ಲ?”

“ಬರ್ತೀನ್ರಿ!” ಎಂದು ಸ್ನೇಹಾ ಓಡಿಹೋದಳು.

“ಏನಂದಳು?” ಎಂದರು ಫರ್ಹತ್. ನಿರಾಳದಲ್ಲಿ ಮೈಮರೆತಿದ್ದ ಮೇಷ್ಟ್ರು ಅಕ್ಷರಕ್ಕೆ ಅಕ್ಷರ ಇಂಗ್ಲಿಷ್ ಮಾಡಿಬಿಟ್ಟರು: “ನಾನು ಬರುತ್ತೇನೆ ಅಂದಳು.”

ಅತಿಥಿಗಳು ಕಾದರು. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬಾಗಿಲ ಕಡೆ ನೋಡಿದರು. ಮಗು ಬರಲಿಲ್ಲ. ತಾನು ಮಾಡಿದ ಅವಾಂತರ ಶ್ರೀಪತಿಗೆ ಹೊಳೆಯಿತು, ಆದರೆ ಹೋಗುವುದಕ್ಕೆ ಬರುವುದು ಅನ್ನುವ ಜನ ನಾವು ಎಂದು ಹೇಗೆ ಹೇಳುವುದು? ಅದರ ಬದಲು ಅವರು ಮಾತಂಗ ಬೆಟ್ಟದ ಸೂರ್ಯೋದಯವನ್ನು ವರ್ಣಿಸಿದರು, ಆನೆಲಾಯವನ್ನು ವರ್ಣಿಸಿದರು, ಕಡೆಗೆ ಹೊಸಪೇಟೆಯ ಮಿರ್ಚಿಬಜ್ಜಿಗೂ ಬಂದರು. ಬೇಸತ್ತ ಜಂಬವ್ವ, “ಅಕಿ ಹೋಗಿ ಆಗ್ಲೇ ಊಟಕ್ಕ ಕುಂತಾಳ. ನೀವೂ ಹೊಂಡ್ರಿ ಇನ್ನ,” ಎಂದಾಗಲೇ ಎಲ್ಲರೂ ಎದ್ದದ್ದು.

ಕಡ್ಡಿರಾಂಪುರ ತಲುಪುವವರೆಗೂ ಹಿಂದಿನ ಸೀಟಿನಲ್ಲಿ ಅತಿಥಿಗಳಿಬ್ಬರು ಪಿಸುಗುಟ್ಟುತ್ತಲೇ ಇದ್ದರು. ಪೆರೇರಾ ಯಾರಿಗೋ ಫೋನ್ ಮಾಡಿ ನಕ್ಕರು. ತನ್ನನ್ನೇ ನೋಡಿ ನಗುತ್ತಿದ್ದಾರೆಂದು ಶ್ರೀಪತಿಗೆ ಅಳು ಬರುವಂತಾಯಿತು. ಓಣಿಯವರಿಗೆ ಯಾವ ಮುಖ ತೋರಿಸುವುದು? ಜೀಪು ನಿಂತೊಡನೆ ಮೇಷ್ಟ್ರೇ ಹೇಳಿಬಿಟ್ಟರು: “ಕ್ಷಮಿಸಿ ಸಾರ್. ಪರೀಕ್ಷೆ ಕೆಟ್ಟುಹೋಯಿತು.”

“ಕೆಟ್ಟುಹೋಯಿತೇ?” ಪೆರೇರಾ ಮೇಷ್ಟ್ರ ಎರಡೂ ಕೈ ಹಿಡಿದುಕೊಂಡರು. “ಒಂದೇ ಅಳತೆ ಎಲ್ಲೆಲ್ಲಿ ಎಡವುತ್ತದೆ ಎಂದು ತಿಳಿಯುವುದಕ್ಕೇ ನಾವು ದೇಶ ದೇಶ ಸುತ್ತುತ್ತಿರುವುದು. ಲಾಭದಿಂದ ಎಣಿಸಿದ ಆ ಮಗುವಿಗೆ ನಮ್ಮ ಅಳತೆ ಸೊನ್ನೆ ಕೊಡುತ್ತಿತ್ತು! ನಿಮ್ಮನ್ನು ಸಭೆಗೆ ಕರೆಯಬೇಕೆಂದು ಮೊದಲ ಪ್ರಶ್ನೆಗೇ ತೀರ್ಮಾನಿಸಿದ್ದೆವು.”

ಶ್ರೀಪತಿಗೆ ಸಂತೋಷ ಉಕ್ಕಿ ಬಂತು. ಹೆಲಿಕಾಪ್ಟರಿನ ಸದ್ದಿಲ್ಲದಿದ್ದರೂ ಕತ್ತೆತ್ತಿ ಆಕಾಶ ನೋಡಿದರು. “ಅಂದರೆ ಸಾರ್, ನಾನು ಕೊಲಂಬೋಗೆ...”

“ಕೊಲಂಬೋ ಅಲ್ಲ,” ಎಂದು ಫರ್ಹತ್ ಸಂಭ್ರಮದಿಂದ ನಡುವೆ ಬಾಯಿಹಾಕಿದರು. “ನೀವು ದಿನವಿಡೀ ಆ ನದಿ, ಆ ಬೆಟ್ಟ, ಆ ರೊಟ್ಟಿ ಅಂತ ಹೇಳುತ್ತಿದ್ದರೆ ಯಾರಿಗೆ ಮನಸ್ಸು ತಡೆಯುತ್ತದೆ? ದಾರಿಯಲ್ಲೇ ಫೋನ್ ಮಾಡಿ ಎಲ್ಲರನ್ನೂ ಒಪ್ಪಿಸಿದೆವು. ಸಭೆ ಇಲ್ಲೇ, ಕಡ್ಡಿರಾಂಪುರದಲ್ಲೇ! ನಿಮ್ಮ ಮನೆ ಎಷ್ಟು ದೂರ?”

“ಆಟೋದಾಗ ಇಪ್ಪತ್ತ್ ನಿಮಿಷ,” ಎಂದರು ಮೇಷ್ಟ್ರು. ಇಂಗ್ಲಿಷ್ ಮರೆತುಹೋಗಿತ್ತು.

ಪೆರೇರಾ ಪ್ರೀತಿಯಿಂದ ಅವರ ಬೆನ್ನು ತಟ್ಟಿದರು. “ನೀವೇ ಪುಣ್ಯವಂತರು. ಉಳಿದ ನಾವೆಲ್ಲ ವಿಮಾನದಲ್ಲಿ ಬರಬೇಕು. ನಿಮಗೊಬ್ಬರಿಗೇ ಆ ಕಷ್ಟವಿಲ್ಲ.”